ನಮ್ಮ ಹಿನ್ನೀರಿಗೆ ವರ್ಷಕ್ಕೆ ಒಂದೇ ಭರತ

(ಬಾಗಲಕೋಟೆಯ ನವನಗರದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತು. ಬರೆಯುವಾಗ ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಜನ ನಡುವೆ ಕೇಳಿದ್ದನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಗಟಾರಿನ ನೀರಿನ ಮೇಲೆ ಭಾಷಣ ಇದೆ ಅಂದರೆ ಇಷ್ಟು ಮಂದಿ ಬರುತ್ತೀರಿ ಅಂತ ನಾನು ಅಂದುಕೊಂಡಿರಲಿಲ್ಲ. ಕೊನೆಗೆ ಚಹಾ, ಚುರುಮುರಿ ಇದೆ ಅಂತ ಯಾರೋ ಮೊದಲೇ ಹೇಳಿರಬೇಕು.

ಮಾತಿಗೆ ಮೊದಲು ಒಂದು ಕೆಲಸ ಮಾಡಿಬಿಡುತ್ತೇನೆ. ಮೇಜಿನ ಮೇಲೆ ಉದ್ದನೆಯ ಗಾಜಿನ ಜಾಡಿ ಇದೆಯಲ್ಲ, ಅದರ ಮೈಮೇಲೆ ಒಂದು ಲೀಟರಿನವರೆಗೆ ಗೆರೆ ಹಾಕಿದ್ದಾರೆ. ಪಕ್ಕದ ಬಕೆಟ್ಟಿನಲ್ಲಿ ಬುಳು ಬುಳು ಅಂತ ಗಾಳಿ ಬಿಡುತ್ತಿರುವುದು ಮೀನಿನ ತೊಟ್ಟಿಗೆ ಹಾಕುವ ಸಣ್ಣ ಪಂಪು. ಬಕೆಟ್ಟಿನಲ್ಲಿರುವುದು ಒಂದು ಶುದ್ಧೀಕರಣ ಘಟಕದ ಗಾಳಿ ತೊಟ್ಟಿಯಿಂದ ಈಗ ತಾನೇ ತುಂಬಿಕೊಂಡು ಬಂದ ನೀರು. ಬಣ್ಣ ನೋಡಿ, ಹಾಲು ಕಡಿಮೆಯಾದ ಚಹಾದ ಹಾಗಿದೆ. ಮೂಗು ಮುಚ್ಚಿಕೊಳ್ಳಬೇಡಿ. ಮುಂದಿನ ಸಾಲಿನವರು ಬೇಕಾದರೆ ಬಂದು ಮೂಸಿ ನೋಡಿ, ಮೊದಲ ಮಳೆ ಬಿದ್ದ ಹೊಲದ ವಾಸನೆ ಬರುತ್ತದೆ. ಇದನ್ನು ಜಾಡಿಗೆ ತುಂಬಿ ಇಡುತ್ತೇನೆ. ಅರ್ಧ ಗಂಟೆ ಯಾರೂ ಮುಟ್ಟಬೇಡಿ, ಮೇಜು ಅಲುಗಾಡಿಸಬೇಡಿ. ತಂಗೀ, ನಿನ್ನ ಕೈಯಲ್ಲಿ ಗಡಿಯಾರ ಇದೆಯಲ್ಲ, ಅರ್ಧ ಗಂಟೆ ಆದಕೂಡಲೇ ಕೂಗಿ ಹೇಳು. ನಾನು ಏನೇ ಮಾತಾಡುತ್ತಿದ್ದರೂ ಸರಿ, ಕೂಗು.

ನಾನು ಇದೇ ಜಿಲ್ಲೆಯವನು. ಆದರೆ ನೌಕರಿಯ ಬಹುಪಾಲು ವರ್ಷ ಕರಾವಳಿಯಲ್ಲಿ ಕಳೆದೆ, ಒಂದು ಊರಿನ ಹೊಲಸು ನೀರನ್ನು ಶುದ್ಧ ಮಾಡುವ ಘಟಕದಲ್ಲಿ. ಊರಿನ ಹೆಸರು ಹೇಳುವುದಿಲ್ಲ. ಅಲ್ಲಿ ಆದ ಎಡವಟ್ಟುಗಳನ್ನು ಹೇಳಬೇಕಾಗಿದೆ, ಅದರಲ್ಲಿ ನನ್ನ ಪಾಲೂ ಇದೆ. ಇಲ್ಲಿ ಯಾರಾದರೂ ಕೇಳಿದರೆ ನಮ್ಮವ್ವ, "ಮಗ ನೀರಿನ ಕೆಲಸದಾಗ ಅದಾನ" ಅನ್ನುತ್ತಿದ್ದಳು. ಯಾವ ನೀರು ಅಂತ ಮಾತ್ರ ಬಾಯಿ ಬಿಡುತ್ತಿರಲಿಲ್ಲ.

ಸಮುದ್ರ ದಂಡೆಯ ಊರುಗಳು ತಮ್ಮ ಹೊಲಸು ನೀರನ್ನು ಏನು ಮಾಡುತ್ತವೆ ಅನ್ನುವುದನ್ನು ಹೇಳಿ ಅಂತ ಈ ಸಭೆ ಕರೆದವರು ಕೇಳಿದರು. ಬಾಗಲಕೋಟೆಯಲ್ಲಿ ನಿಂತು ಸಮುದ್ರದ ಮಾತೇ? ನನಗೂ ಮೊದಲು ನಗು ಬಂತು. ಆಮೇಲೆ ಮೊನ್ನೆ ಸಂಜೆ ಸುಮ್ನೆ ಹಳೇ ಊರಿನ ಕಡೆ ಹೋಗಿ ಹಿನ್ನೀರಿನ ಅಂಚಿಗೆ ನಿಂತೆ. ಕಣ್ಣು ಹಾಯುವವರೆಗೆ ನೀರು. ಗಾಳಿಗೆ ಅಲೆ ಎದ್ದು ಕಲ್ಲಿಗೆ ಬಡಿಯುತ್ತಿತ್ತು. ದೂರದಲ್ಲಿ ಒಂದು ತೆಪ್ಪ. ನಾವೂ ದಂಡೆಯವರೇ ಅಲ್ವಾ ಅನ್ನಿಸಿತು. ಆಲಮಟ್ಟಿ ತುಂಬಿದಾಗ 123 ಟಿಎಂಸಿ ನೀರು ನಿಲ್ಲುತ್ತದೆ. ಅಷ್ಟು ನೀರಿನ ಪಕ್ಕ ಕೂತವರು ಏನು ಯೋಚನೆ ಮಾಡುತ್ತಾರೆ ಅನ್ನುವುದು ನನಗೆ ಚೆನ್ನಾಗಿ ಗೊತ್ತು. ಕರಾವಳಿಯಲ್ಲಿ ಅದನ್ನೇ ಕೇಳಿ ಕೇಳಿ ಬಂದವನು ನಾನು. "ಇಷ್ಟು ದೊಡ್ಡ ನೀರಿಗೆ ನಮ್ಮ ಗಟಾರು ಯಾವ ಲೆಕ್ಕ?"

ಲೆಕ್ಕವನ್ನೇ ಹಾಕೋಣ. ಒಳಚರಂಡಿ ಇರುವ ಊರಿನಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಕೊಡಬೇಕು ಅನ್ನುವುದು ನಮ್ಮ ದೇಶದ ಎಂಜಿನಿಯರುಗಳ ಕೈಪಿಡಿಯ ಲೆಕ್ಕ. ಅದರಲ್ಲಿ ನೂರಕ್ಕೆ 80ರಷ್ಟು ಬಚ್ಚಲು, ಸಂಡಾಸು, ಅಡುಗೆಮನೆಯಿಂದ ಗಟಾರಿಗೆ ಇಳಿಯುತ್ತದೆ. ತಲೆಗೆ 108 ಲೀಟರ್. ಒಂದು ಲಕ್ಷ ಜನರ ಊರಾದರೆ ದಿನಕ್ಕೆ 1 ಕೋಟಿ 8 ಲಕ್ಷ ಲೀಟರ್. ಹತ್ತು ಸಾವಿರ ಲೀಟರಿನ ಟ್ಯಾಂಕರ್ ಆದರೆ 1,080 ಟ್ಯಾಂಕರ್. ಪ್ರತಿದಿನ. ಹಬ್ಬ, ಭಾನುವಾರ ಅಂತ ರಜೆ ಇಲ್ಲ. ಹಬ್ಬದ ದಿನ ಇನ್ನೂ ಜಾಸ್ತಿ.

ನಳಕ್ಕೆ ನೀರು ಬಿಟ್ಟರೆ ಇಡೀ ಓಣಿಗೆ ಗೊತ್ತಾಗುತ್ತದೆ. ಹೋಗುವ ನೀರನ್ನು ಯಾರೂ ತಿರುಗಿ ನೋಡುವುದಿಲ್ಲ. ಇದು ಇವತ್ತಿನ ರೋಗ ಅಲ್ಲ. ವಿಜಯಪುರದ ಆದಿಲ್‌ಶಾಹಿಗಳನ್ನೇ ನೋಡಿ. ತೊರವಿಯಿಂದ, ಬೇಗಂ ತಲಾಬಿನಿಂದ ನೆಲದೊಳಗೆ ದಾರಿ ಮಾಡಿ ಊರಿಗೆ ನೀರು ತಂದರು. ಒತ್ತಡಕ್ಕೆ ಕೊಳವೆ ಒಡೆಯಬಾರದು ಅಂತ ನಡುನಡುವೆ ಗಂಜ್ ಅನ್ನುವ ಗೋಪುರ ಕಟ್ಟಿದರು. ಇವತ್ತಿಗೂ ನಿಂತಿವೆ, ಹೋಗಿ ನೋಡಬಹುದು. 1620ರಲ್ಲಿ ತಾಜ್ ಬಾವಡಿಯಂಥ ಬಾವಿ ಕಟ್ಟಿಸಿದರು. ನೀರು ತಂದವರ ಹೆಸರು ಕಲ್ಲಿನ ಮೇಲೆ ಉಳಿಯಿತು. ಕೊಳೆ ನೀರು ಹೊರಗೆ ಸಾಗಿಸಿದವರ ಹೆಸರು ಯಾರಿಗಾದರೂ ಗೊತ್ತಾ? ಅದೇ ಬಾವಡಿಗೆ ನಮ್ಮ ಕಾಲದಲ್ಲಿ ಕಸ ಬಿತ್ತು, ಹೂಳು ಎತ್ತಿಸಬೇಕಾಯಿತು.

ಈಗ ಘಟಕದ ಒಳಗೆ ಹೋಗೋಣ. ಬಾಗಿಲಲ್ಲೇ ಕಬ್ಬಿಣದ ಜಾಲರಿ. ಊರಿನ ಜಾತಕ ಓದಬೇಕಾದರೆ ಆ ಜಾಲರಿ ಸಾಕು. ಕರಾವಳಿಯಲ್ಲಿ ತೆಂಗಿನ ನಾರು, ಮೀನಿನ ಚಿಪ್ಪು. ನಮ್ಮ ಕಡೆಯಾದರೆ ಗುಟ್ಕಾ ಪಾಕೀಟು, ಹಾಲಿನ ಪಾಕೀಟು, ಎಲ್ಲೋ ಒಂದು ಕಾಲ್ಗೆಜ್ಜೆ. ಅದಾದ ಮೇಲೆ ಮರಳು ಇಳಿಯುವ ತೊಟ್ಟಿ. ಮುಂದೆ ಭಾರದ ಕೊಳೆ ತಳ ಸೇರಲು ಇನ್ನೊಂದು. ಇಲ್ಲಿಯವರೆಗೆ ದೊಡ್ಡ ಜಾಣತನ ಏನೂ ಇಲ್ಲ, ಗೋಧಿ ಹಸನು ಮಾಡಿದ ಹಾಗೆ. ತಮಾಷೆ ಏನು ಅಂದರೆ ಹೊಲಸು ನೀರಿನಲ್ಲಿ ಸಾವಿರಕ್ಕೆ 999 ಭಾಗ ಬರೀ ನೀರು. ಉಳಿದ ಒಂದು ಭಾಗದ ಜೊತೆಗೆ ನಮ್ಮ ಜಗಳ. ಅದರಲ್ಲೂ ಅರ್ಧಕ್ಕಿಂತ ಹೆಚ್ಚು ನೀರಿನಲ್ಲಿ ಸಕ್ಕರೆ ಕರಗಿದ ಹಾಗೆ ಕರಗಿಬಿಟ್ಟಿರುತ್ತದೆ. ಜಾಲರಿಗೂ ಸಿಗದು, ತಳಕ್ಕೂ ಇಳಿಯದು.

ಅದಕ್ಕೇ ಗಾಳಿ ತೊಟ್ಟಿ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ನನಗೆ ಇಷ್ಟವಾದ ಜಾಗ ಇದು.

ನೂರು ವರ್ಷಗಳ ಹಿಂದೆ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಆರ್ಡರ್ನ್, ಲಾಕೆಟ್ ಅಂತ ಇಬ್ಬರಿದ್ದರು. ಬಾಟಲಿಯಲ್ಲಿ ಹೊಲಸು ನೀರು ತುಂಬಿ ಗಾಳಿ ಊದುತ್ತಿದ್ದರು. ನೀರು ಪೂರ್ತಿ ತಿಳಿಯಾಗಲು ವಾರಗಟ್ಟಲೆ ಹಿಡಿಯಿತು. ಅವರಿಗಿಂತ ಮೊದಲು ಹೀಗೆ ಗಾಳಿ ಊದಿದವರು ತಳದ ಕೆಸರು ಚೆಲ್ಲಿ, ಬಾಟಲಿ ತೊಳೆದು, ಹೊಸದಾಗಿ ಶುರು ಮಾಡುತ್ತಿದ್ದರು. ಇವರು ಕೆಸರು ಚೆಲ್ಲಲಿಲ್ಲ. ಅದರ ಮೇಲೆಯೇ ಹೊಸ ಹೊಲಸು ನೀರು ಸುರಿದು ಮತ್ತೆ ಗಾಳಿ ಬಿಟ್ಟರು. ಹಾಗೇ ಮಾಡುತ್ತಾ ಹೋದಂತೆ ವಾರಗಳ ಕೆಲಸ ಗಂಟೆಗಳಿಗೆ ಬಂತು. 1914ರಲ್ಲಿ ಅದನ್ನು ಎಲ್ಲರ ಮುಂದೆ ಇಟ್ಟರು. ಇವತ್ತು ಜಗತ್ತಿನ ದೊಡ್ಡ ದೊಡ್ಡ ಊರುಗಳು ನಡೆಯುತ್ತಿರುವುದು ಅದರ ಮೇಲೆಯೇ.

ಇಲ್ಲಿ ಕೂತ ಅಕ್ಕಂದಿರು ನಗುತ್ತಿದ್ದೀರಿ, ಯಾಕೆ ಅಂತ ಗೊತ್ತು. ನಿನ್ನೆಯ ಮೊಸರು ಒಂದು ಚಮಚ ಉಳಿಸಿ ಇವತ್ತಿನ ಹಾಲಿಗೆ ಹೆಪ್ಪು ಹಾಕುವುದು ಇದೇ ತಾನೇ. ಹೆಪ್ಪಿನಲ್ಲಿ ಜೀವ ಇದೆ. ಆ ಜಾಡಿಯೊಳಗಿನ ಕಂದು ಕೆಸರಿನಲ್ಲೂ ಜೀವ ಇದೆ. ಕೋಟ್ಯಂತರ ಬ್ಯಾಕ್ಟೀರಿಯಾ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗಂಟೆ ಹೂವಿನ ಹಾಗೆ ಕಡ್ಡಿಯ ಮೇಲೆ ಕೂತು ಬಾಯಿ ತೆರೆದು ಮುಚ್ಚುವ ಜೀವಿಗಳು ಕಾಣುತ್ತವೆ. ಅವು ಕಂಡರೆ ಆ ದಿನ ನಾನು ಊಟ ನೆಮ್ಮದಿಯಾಗಿ ಮಾಡುತ್ತಿದ್ದೆ. ಕರಗಿದ ಕೊಳೆಯನ್ನು ಬ್ಯಾಕ್ಟೀರಿಯಾ ತಿನ್ನುತ್ತವೆ, ಬ್ಯಾಕ್ಟೀರಿಯಾಗಳನ್ನು ಇವು ತಿನ್ನುತ್ತವೆ. ತಿಂದವು ಗುಂಪು ಕಟ್ಟಿ ಭಾರವಾಗಿ ಮುಂದಿನ ತೊಟ್ಟಿಯಲ್ಲಿ ತಳಕ್ಕೆ ಇಳಿಯುತ್ತವೆ. ಮೇಲಿನ ತಿಳಿ ನೀರು ಹೊರಗೆ, ಕೆಳಗಿನ ಕೆಸರಿನ ಬಹುಪಾಲು ಮತ್ತೆ ಹೆಪ್ಪಿಗೆ ಗಾಳಿ ತೊಟ್ಟಿಗೆ.

ಅವಕ್ಕೆ ಬೇಕಾದದ್ದು ಉಸಿರು. ಒಂದು ಲೀಟರ್ ನೀರಿನಲ್ಲಿ ಎರಡು ಮಿಲಿಗ್ರಾಂ ಆಮ್ಲಜನಕ ಇದ್ದರೆ ಸಾಕು. ಆದರೆ ಅಷ್ಟನ್ನು ಬಿಡದೆ ಕೊಡಬೇಕು. ಘಟಕದ ಕರೆಂಟ್ ಬಿಲ್ಲಿನಲ್ಲಿ ದೊಡ್ಡ ಪಾಲು ಈ ಗಾಳಿಯದೇ. ಬಿಲ್ಲು ಉಳಿಸಲು ರಾತ್ರಿ ಗಾಳಿ ಊದುವ ಬ್ಲೋವರ್ ಬಂದ್ ಮಾಡುವವರನ್ನು ನಾನು ಕಂಡಿದ್ದೇನೆ. ಬೆಳಿಗ್ಗೆ ಬಂದು ನೋಡಿದರೆ ಕೆಸರು ಕಪ್ಪು, ಕೊಳೆತ ಮೊಟ್ಟೆಯ ವಾಸನೆ. ಸತ್ತ ಹೆಪ್ಪಿನಿಂದ ಮೊಸರು ಆಗುತ್ತದೆಯೇ? ಹೊಸ ಹೆಪ್ಪು ಬೆಳೆಸಲು ವಾರಗಳು ಬೇಕು. ಅಷ್ಟು ದಿನ ಊರಿನ ನೀರು ಬಂದ ಹಾಗೆಯೇ ಹೊರಗೆ ಹೋಗುತ್ತದೆ. ಒಂದು ಸಲ ಅದು ನನ್ನ ಕಣ್ಣೆದುರೇ ಆಯಿತು. ನಾನು ವರದಿಯಲ್ಲಿ 'ತಾಂತ್ರಿಕ ತೊಂದರೆ' ಅಂತ ಬರೆದೆ. ಇವತ್ತಿಗೂ ಆ ಎರಡು ಪದ ಓದಿದರೆ ನಾಚಿಕೆಯಾಗುತ್ತದೆ.

ಸರಿ, ಸಮುದ್ರಕ್ಕೆ ಬರೋಣ. ದಂಡೆಯ ಊರುಗಳು ಬಹಳ ಕಾಲ ಶುದ್ಧ ಮಾಡುವ ಗೋಜಿಗೇ ಹೋಗಲಿಲ್ಲ. ದೂರ ಸಾಗಿಸಿದರೆ ಆಯಿತು ಅಂದುಕೊಂಡವು. ಮುಂಬಯಿಯಲ್ಲಿ ವರ್ಲಿ, ಬಾಂದ್ರಾಗಳಿಂದ ಸಮುದ್ರದ ತಳದಲ್ಲಿ ಮೂರು ಕಿಲೋಮೀಟರಿಗೂ ಉದ್ದದ ಸುರಂಗ ಇದೆ, ಊರಿನ ನೀರು ಅಲ್ಲಿ ಹೋಗಿ ಬೀಳುತ್ತದೆ. ಅಮೆರಿಕದ ಬಾಸ್ಟನ್‌ನವರು 2000ನೇ ಇಸವಿಯಲ್ಲಿ ಸುಮಾರು 15 ಕಿಲೋಮೀಟರಿನ ಸುರಂಗ ತೆರೆದರು, ಆದರೆ ಅವರು ನೀರನ್ನು ಶುದ್ಧ ಮಾಡಿ ಕಳಿಸುತ್ತಾರೆ. ಲಂಡನ್‌ನವರ ಕಥೆ ಕೇಳಿ. ಅವರು ನೀರಿನಿಂದ ಬೇರೆ ಮಾಡಿದ ಕೆಸರನ್ನು ಹಡಗಿಗೆ ತುಂಬಿ ಸಮುದ್ರಕ್ಕೆ ಸುರಿಯುತ್ತಿದ್ದರು. 1887ರಿಂದ 1998ರವರೆಗೆ, ನೂರಾ ಹನ್ನೊಂದು ವರ್ಷ. ಬುದ್ಧಿವಂತರೂ ಹೀಗೆಯೇ ಮಾಡಿದ್ದು.

ನಮ್ಮ ಕಾನೂನೂ ಸಮುದ್ರವನ್ನು ಬೇರೆ ಕಣ್ಣಿನಿಂದ ನೋಡಿತು. ನೀರಿನಲ್ಲಿ ಎಷ್ಟು ಕೊಳೆ ಇದೆ ಅಂತ ಅಳೆಯಲು ಬಿಒಡಿ ಅಂತ ಒಂದು ಅಳತೆ ಇದೆ. ಅದನ್ನು ಜೀರ್ಣ ಮಾಡಲು ಜೀವಿಗಳಿಗೆ ಎಷ್ಟು ಆಮ್ಲಜನಕ ಬೇಕು ಅನ್ನುವ ಲೆಕ್ಕ. ಘಟಕಕ್ಕೆ ಬರುವ ಹೊಲಸು ನೀರಿನಲ್ಲಿ ಸಾಮಾನ್ಯವಾಗಿ ಲೀಟರಿಗೆ ಇನ್ನೂರು ಮಿಲಿಗ್ರಾಂ ಮೇಲೆ ಇರುತ್ತದೆ. ಪರಿಸರ ಸಂರಕ್ಷಣಾ ನಿಯಮಗಳ ಸಾಮಾನ್ಯ ಮಾನದಂಡದಲ್ಲಿ ನದಿ, ಕೆರೆಗೆ ಬಿಡುವ ನೀರಿಗೆ 30 ಮಿತಿ. ಸಮುದ್ರ ತೀರಕ್ಕೆ ಬಿಡುವುದಾದರೆ 100. ಮೂರು ಪಟ್ಟು ಸಡಿಲ. ಆಮೇಲೆ 2019ರಲ್ಲಿ ಹಸಿರು ನ್ಯಾಯಮಂಡಳಿ ಊರುಗಳ ಘಟಕಗಳಿಗೆ 10 ಅಂತ ಬಿಗಿ ಮಾಡಿತು, ಅದು ಬೇರೆ ಮಾತು. ನಾನು ಹೇಳುತ್ತಿರುವುದು ಮನಸ್ಸಿನ ಬಗ್ಗೆ.

ಆ ಮನಸ್ಸಿನಲ್ಲಿ ಒಂದು ತಪ್ಪು ಇದೆ. ಉಪ್ಪು ನೀರು ಸಿಹಿ ನೀರಿಗಿಂತ ಕಡಿಮೆ ಆಮ್ಲಜನಕ ಹಿಡಿಯುತ್ತದೆ. ನಮ್ಮ ಬೇಸಿಗೆಯ 30 ಡಿಗ್ರಿಯಲ್ಲಿ ಸಿಹಿ ನೀರು ಲೀಟರಿಗೆ ಏಳೂವರೆ ಮಿಲಿಗ್ರಾಂ ಹಿಡಿದರೆ ಸಮುದ್ರದ ನೀರು ಆರರ ಆಸುಪಾಸು. ಸಮುದ್ರ ದೊಡ್ಡದು ನಿಜ. ಆದರೆ ಊರಿನ ಗಟಾರು ನಡುಸಮುದ್ರಕ್ಕೆ ಹೋಗುವುದಿಲ್ಲ. ಅಳಿವೆಗೆ, ಅಂದರೆ ನದಿ ಸಮುದ್ರ ಸೇರುವ ಬಾಯಿಗೆ ಹೋಗುತ್ತದೆ. ಅಲ್ಲೇ ಮೀನು ಮರಿ ಮಾಡುವುದು. ಅಲ್ಲೇ ಹೆಂಗಸರು ಮೊಣಕಾಲು ನೀರಿನಲ್ಲಿ ನಿಂತು ಮರುವಾಯಿ ಹೆಕ್ಕುವುದು. ಮರುವಾಯಿ ಅಂದರೆ ಚಿಪ್ಪಿನೊಳಗಿನ ಜೀವಿ, ಅಲ್ಲಿನವರಿಗೆ ಬಲು ಪ್ರೀತಿ. ಅದು ನೀರನ್ನು ಸೋಸಿ ತಿನ್ನುತ್ತದೆ. ನೀರಿನಲ್ಲಿರುವ ಟೈಫಾಯಿಡ್, ಕಾಮಾಲೆಯ ಕ್ರಿಮಿಗಳೂ ಅದರ ಮೈಯಲ್ಲಿ ಸೇರುತ್ತವೆ. ಸಮುದ್ರಕ್ಕೆ ಬಿಟ್ಟದ್ದು ತಟ್ಟೆಗೆ ವಾಪಸ್ ಬಂತು.

ಇನ್ನು ನನ್ನ ಎಡವಟ್ಟಿನ ಕಥೆ. ಒಂದು ಮಾರ್ಚ್ ತಿಂಗಳು. ನಮ್ಮ ಪಂಪ್‌ಹೌಸ್ ಒಂದರಲ್ಲಿ ರಾತ್ರಿಯಿಡೀ ಪಂಪು ನಿಲ್ಲುತ್ತಿರಲಿಲ್ಲ. ಬೇಸಿಗೆ, ಮಳೆ ಇಲ್ಲ, ಊರು ಮಲಗಿದೆ, ನೀರು ಎಲ್ಲಿಂದ? ನಾನು ಕಾಗದ ಹರಡಿಕೊಂಡು ಯಾರ ಮನೆಯ ನಳ ಸೋರುತ್ತಿದೆ ಅಂತ ಲೆಕ್ಕ ಹಾಕುತ್ತಾ ಕೂತೆ. ಅಲ್ಲಿ ಒಬ್ಬ ವಯಸ್ಸಾದ ಆಪರೇಟರ್ ಇದ್ದ. ಮೂರು ದಿನ ಸುಮ್ಮನೆ ನೋಡಿದ. ನಾಲ್ಕನೆಯ ದಿನ ಹೇಳಿದ: "ಸರ್, ಇವತ್ತು ಹುಣ್ಣಿಮೆ ಉಂಟಲ್ಲ, ಪಂಪು ನಿಲ್ಲುದಿಲ್ಲ ಮಾರಾಯ್ರೆ."

ನಾನು ಬಯಲುಸೀಮೆಯವನು, ಹುಣ್ಣಿಮೆಗೂ ಪಂಪಿಗೂ ಏನು ನಂಟು ಅಂತ ಅವನನ್ನೇ ಬೈದೆ. ಆ ರಾತ್ರಿ ನೀರು ತೆಗೆದು ಕ್ಲೋರೈಡ್ ನೋಡಿದೆ, ಅಂದರೆ ಉಪ್ಪಿನ ಅಳತೆ. ದಿನಾ ನೂರರ ಹತ್ತಿರ ಇರುವುದು ಎರಡು ಸಾವಿರ ಮುಟ್ಟಿತ್ತು. ಸಮುದ್ರದ ನೀರಿನಲ್ಲಿ ಅದು ಲೀಟರಿಗೆ 19 ಸಾವಿರ ಮಿಲಿಗ್ರಾಂ. ಭಾಗಿಸಿ ನೋಡಿ. ಹತ್ತು ಕೊಡ ಹೊಲಸು ನೀರಿನಲ್ಲಿ ಒಂದು ಕೊಡ ಸಮುದ್ರ! ಹುಣ್ಣಿಮೆ, ಅಮಾವಾಸ್ಯೆಗೆ ಭರತ, ಅಂದರೆ ಸಮುದ್ರದ ಉಬ್ಬರ, ದೊಡ್ಡದು. ನೀರು ಏರಿದಾಗ ಅಳಿವೆಯ ಬದಿಯ ಹಳೆಯ ಕೊಳವೆಗಳ ಸಂದಿನಿಂದ ಒಳಗೆ ನುಗ್ಗುತ್ತಿತ್ತು. ನಾವು ಕರೆಂಟ್ ಸುಟ್ಟು ಅರಬ್ಬಿ ಸಮುದ್ರವನ್ನು ಶುದ್ಧ ಮಾಡುತ್ತಿದ್ದೆವು.

ಉಪ್ಪು ಬರೀ ಬಿಲ್ಲು ಏರಿಸುವುದಿಲ್ಲ. ಸಿಹಿ ನೀರಿಗೆ ಒಗ್ಗಿದ ಹೆಪ್ಪಿಗೆ ಒಮ್ಮೆಲೇ ಉಪ್ಪು ಬಿದ್ದರೆ ಅದು ಸೊರಗುತ್ತದೆ. ಸಮುದ್ರದ ನೀರಿನಲ್ಲಿ ಗಂಧಕದ ಲವಣವೂ ಬಹಳ. ಗಾಳಿ ಇಲ್ಲದ ಕೊಳವೆಯೊಳಗೆ ಬೇರೊಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ಕೊಳೆತ ಮೊಟ್ಟೆ ವಾಸನೆಯ ಅನಿಲ ಮಾಡುತ್ತವೆ. ಅದು ಮೇಲೇರಿ ಕೊಳವೆಯ ನೆತ್ತಿಯ ಹಸಿಯಲ್ಲಿ ಗಂಧಕಾಮ್ಲವಾಗಿ ಸಿಮೆಂಟನ್ನು ತಿನ್ನುತ್ತದೆ. ಮೇಲೆ ರಸ್ತೆ ಚೆನ್ನಾಗಿಯೇ ಕಾಣುತ್ತದೆ, ಒಂದು ದಿನ ಲಾರಿ ಚಕ್ರ ಒಳಗೆ. ಆ ಅನಿಲ ಮನುಷ್ಯರನ್ನೂ ಕೊಲ್ಲುತ್ತದೆ. ಸ್ವಲ್ಪ ಇದ್ದಾಗ ನಾರುತ್ತದೆ, ಜಾಸ್ತಿ ಆದರೆ ಮೂಗು ಸತ್ತು ವಾಸನೆಯೇ ಬರುವುದಿಲ್ಲ. ಒಳಗೆ ಇಳಿದವನಿಗೆ ಅಪಾಯ ಇಲ್ಲ ಅನ್ನಿಸುವುದು ಆ ಹೊತ್ತಿಗೇ. ಮನುಷ್ಯರನ್ನು ಮ್ಯಾನ್‌ಹೋಲಿಗೆ ಹಾಗೆ ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ನೀರಿನ ಒತ್ತಡದಿಂದ ಕೊಳವೆ ಬಿಡಿಸುವ ಜೆಟ್ಟಿಂಗ್ ಯಂತ್ರ ಬರುವುದು ಎರಡು ದಿನ ತಡವಾದರೆ ಆಗಲಿ. ನಿಮ್ಮ ಓಣಿಯಲ್ಲಿ ಯಾರಾದರೂ ಐನೂರು ರೂಪಾಯಿಗೆ ಒಬ್ಬನನ್ನು ಇಳಿಸಲು ಹೊರಟರೆ ಅಡ್ಡ ನಿಲ್ಲಿ. ಇದನ್ನು ಮೆಲ್ಲಗೆ ಹೇಳಲು ನನಗೆ ಬರುವುದಿಲ್ಲ.

"ಸರ್, ಅರ್ಧ ಗಂಟೆ ಆತು!"

ಶಾಬಾಷ್. ಜಾಡಿ ನೋಡಿ ಈಗ. ಕೆಳಗೆ ಕಂದು ಕೆಸರು, ಮೇಲೆ ತಿಳಿ ನೀರು. ತಂಗೀ, ಗೆರೆ ಎಷ್ಟರಲ್ಲಿದೆ ಓದು. "ಮುನ್ನೂರ್ರಿ." ಸಾವಿರದಲ್ಲಿ ಮುನ್ನೂರು. ಚೆನ್ನಾಗಿದೆ. ಆರುನೂರು, ಏಳುನೂರು ಅಂದಿದ್ದರೆ ಆ ಘಟಕದ ಹೆಪ್ಪು ಕೆಟ್ಟು ಹತ್ತಿಯ ಹಾಗೆ ಉಬ್ಬಿದೆ ಅಂತ ಅನುಮಾನ ಪಡಬೇಕಿತ್ತು. ಲಕ್ಷಗಟ್ಟಲೆ ರೂಪಾಯಿಯ ಮೀಟರು ಇರಲಿ, ನಾನು ಮೊದಲು ನಂಬುವುದು ಈ ಜಾಡಿಯನ್ನು. ಜಾಡಿ ಅಲ್ಲೇ ಇರಲಿ, ಇನ್ನೂ ಅದರ ಕೆಲಸ ಮುಗಿದಿಲ್ಲ.

ಈಗ ನಾನು ಹೇಳಬೇಕು ಅಂತ ಬಂದ ಮಾತು. ಈ ವಿದ್ಯೆಯ ಪುಸ್ತಕಗಳನ್ನು ಬರೆದವರು ಬಹುಪಾಲು ಸಮುದ್ರ ಹತ್ತಿರ ಇದ್ದವರು. ಬಿಒಡಿ ಮಿತಿಯನ್ನೇ ತೆಗೆದುಕೊಳ್ಳಿ. ಬ್ರಿಟನ್ನಿನ ರಾಯಲ್ ಆಯೋಗ 1912ರಲ್ಲಿ ನದಿಗೆ ಬಿಡುವ ನೀರಿಗೆ 20 ಅಂತ ಹೇಳಿತು. ಅಳತೆಗೆ ಐದು ದಿನ ಇಟ್ಟರು. ಆ ದೇಶದ ಯಾವ ನದಿಯಾದರೂ ಐದು ದಿನದೊಳಗೆ ಸಮುದ್ರ ಸೇರುತ್ತದೆ, ಆಮೇಲಿನ ಚಿಂತೆ ಬೇಡ ಅನ್ನುವ ಲೆಕ್ಕ ಅಂತ ಹೇಳುತ್ತಾರೆ. ನಾವು ನಮ್ಮ ಸೆಕೆಗೆ ತಕ್ಕ ಹಾಗೆ ಅದನ್ನು 27 ಡಿಗ್ರಿಯಲ್ಲಿ ಮೂರು ದಿನ ಮಾಡಿಕೊಂಡೆವು. ಇನ್ನೂ ಒಂದು ಷರತ್ತು ಇತ್ತು. ನದಿಯಲ್ಲಿ ಕನಿಷ್ಠ ಎಂಟು ಪಟ್ಟು ಒಳ್ಳೆಯ ನೀರು ಹರಿಯುತ್ತಿರಬೇಕು. ಮಿತಿಯ ಅಂಕಿ ನಮ್ಮ ತನಕ ಬಂತು. ಎಂಟು ಪಟ್ಟಿನ ಮಾತು ದಾರಿಯಲ್ಲಿ ಬಿದ್ದುಹೋಯಿತು. ಏಪ್ರಿಲ್ ತಿಂಗಳ ಘಟಪ್ರಭೆಯಲ್ಲಿ ಎಂಟು ಪಟ್ಟು ನೀರು ಎಲ್ಲಿದೆ ಹೇಳಿ?

ಐದು ದಿನದಲ್ಲಿ ಸಮುದ್ರ ಅನ್ನುವುದಂತೂ ಬಿಡಿ. ಇಲ್ಲಿ ಬಿಟ್ಟ ನೀರು ಘಟಪ್ರಭೆಯಿಂದ ಚಿಕ್ಕಸಂಗಮದಲ್ಲಿ ಕೃಷ್ಣೆಗೆ ಸೇರಿ, ಆಲಮಟ್ಟಿಯ ಗೋಡೆಗೆ ತಲೆ ಕೊಟ್ಟು ತಿಂಗಳುಗಟ್ಟಲೆ ನಿಲ್ಲುತ್ತದೆ. ಆಮೇಲೆ ನಾರಾಯಣಪುರ. ಆಮೇಲೆ ರಾಯಚೂರು, ತೆಲಂಗಾಣ, ಆಂಧ್ರ. ಬಂಗಾಳ ಕೊಲ್ಲಿ ಮುಟ್ಟುವ ಮೊದಲು ಎಷ್ಟು ಊರಿನವರು ಅದನ್ನು ಎತ್ತಿ ಕುಡಿಯುತ್ತಾರೆ! ಕೂಡಲಸಂಗಮದಲ್ಲಿ ಮುಳುಗು ಹಾಕುವವರು ಬೇರೆ. ವಿಜಯಪುರದವರು ಕೋಲ್ಹಾರದಲ್ಲಿ ಕೃಷ್ಣೆಯ ನೀರು ಎತ್ತುತ್ತಾರೆ, ಅದರ ಮೇಲ್ಗಡೆ ಎಷ್ಟು ಊರುಗಳ ಗಟಾರು ಹೊಳೆ ಸೇರುತ್ತದೆ ಅಂತ ಎಣಿಸಿ ನೋಡಿ. ಕರಾವಳಿಯ ಊರಿನ ಕೆಳಗೆ ಯಾರೂ ಇಲ್ಲ. ನಮ್ಮ ಕೆಳಗೆ ಇಡೀ ನಾಡು ಇದೆ.

ಭರತದ ಮಾತೂ ಹಾಗೆಯೇ. ಸಮುದ್ರದಲ್ಲಿ ನೀರು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ನಮ್ಮ ಕರಾವಳಿಯಲ್ಲಿ ಹೆಚ್ಚೆಂದರೆ ಎರಡು ಮೀಟರಿನ ಆಸುಪಾಸು. ನಮ್ಮ ಹಿನ್ನೀರಿಗೆ ವರ್ಷಕ್ಕೆ ಒಂದೇ ಭರತ. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಸುರಿದರೆ ಆಗಸ್ಟ್ ಹೊತ್ತಿಗೆ ನೀರು ಸಮುದ್ರ ಮಟ್ಟದಿಂದ 519.6 ಮೀಟರ್ ಎತ್ತರ ಮುಟ್ಟುತ್ತದೆ. ಬೇಸಿಗೆಯ ಕೊನೆಗೆ ಅಲ್ಲಿಂದ ಹತ್ತು ಮೀಟರಿಗೂ ಹೆಚ್ಚು ಕೆಳಗೆ. ಆದರೆ ಸಮುದ್ರದ ಭರತ ಆರು ತಾಸಿನಲ್ಲಿ ಇಳಿದು ಕೊಳೆಯನ್ನು ಒಂದಿಷ್ಟಾದರೂ ಎಳೆದುಕೊಂಡು ಹೋಗುತ್ತದೆ. ನಮ್ಮದು ಏರಿದರೆ ತಿಂಗಳುಗಟ್ಟಲೆ ಗಟಾರಿನ ಬಾಯಿಗೆ ಬಿರಡೆ ಹಾಕಿದ ಹಾಗೆ. ನೆಲದೊಳಗಿನ ನೀರೂ ಏರಿ ಯುಜಿಡಿ, ಅಂದರೆ ಒಳಚರಂಡಿ, ಕೊಳವೆಯ ಸಂದಿಯಲ್ಲಿ ಇಳಿಯುತ್ತದೆ. ನೀರು ಸರಿದಾಗ ಗಟಾರಿನ ಬಾಯಿಯಿಂದ ಹೊಳೆಯವರೆಗೆ ಉದ್ದಕ್ಕೂ ಕರಿ ನೀರಿನ ಮಡು. ಆ ಮಣ್ಣಿನಲ್ಲೇ ಕೆಲವರು ಬೆಳೆ ತೆಗೆಯುತ್ತಾರೆ. ಆ ಮಡುವಿನ ಪಕ್ಕದಲ್ಲೇ ರಾಜಹಂಸಗಳು ಇಳಿಯುತ್ತವೆ, ನಾವು ಫೋಟೊ ತೆಗೆಯುತ್ತೇವೆ.

ಇದು ಮುಳುಗಡೆ ನಗರಿ. ನೀರು ಏರುವುದು ಅಂದರೆ ಏನು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಈಗ ಮತ್ತೆ 524.256 ಮೀಟರಿಗೆ ಏರಿಸುವ ಮಾತು ಇದೆ. ಮನೆ, ಹೊಲ, ಪರಿಹಾರದ ಲೆಕ್ಕ ಎಲ್ಲರ ಬಾಯಲ್ಲೂ ಇದೆ, ಇರಬೇಕಾದದ್ದೇ. ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಿ ಅಂತ ನನ್ನ ವಿನಂತಿ. ನಮ್ಮ ಗಟಾರುಗಳ ಬಾಯಿ ಎಷ್ಟು ಮೀಟರ್ ಎತ್ತರದಲ್ಲಿದೆ? ಪಂಪ್‌ಹೌಸಿನ ನೆಲ ಎಷ್ಟರಲ್ಲಿದೆ? ಐದು ಮೀಟರ್ ಹತ್ತಿರ ನೀರು ಏರಿದರೆ ಅವುಗಳಲ್ಲಿ ಎಷ್ಟು ಮುಳುಗುತ್ತವೆ? ನಕ್ಷೆ ಇಟ್ಟುಕೊಂಡು ಒಂದು ಮಧ್ಯಾಹ್ನದಲ್ಲಿ ಮಾಡುವ ಕೆಲಸ ಇದು. ಹುಣ್ಣಿಮೆಯ ಲೆಕ್ಕ ಗೊತ್ತಿಲ್ಲದೆ ನಾನು ಮೂರು ದಿನ ಕಳೆದೆ. ಇಲ್ಲಿ ಹಾಗೆ ಆದರೆ ಮೂರು ದಿನಕ್ಕೆ ಮುಗಿಯುವುದಿಲ್ಲ.

ಪ್ರಶ್ನೆ ಕೇಳಿ ಈಗ. ಹಿಂದಿನ ಸಾಲಿನ ಕಾಕಾ ಆಗಿನಿಂದ ಕೈ ಎತ್ತಿದ್ದಾರೆ.

"ಸರ, ಈ ನೀರು ಕಬ್ಬಿಗಿ ಬಿಡಬಹುದೇನ್ರಿ? ಸುಮ್ನ ಹೊಳಿಗಿ ಯಾಕ ಹೋಗಬೇಕು?"

ಒಳ್ಳೆಯ ಪ್ರಶ್ನೆ. ಹೊಲಸು ನೀರಿನಲ್ಲಿ ಲೀಟರಿಗೆ ಸುಮಾರು 40 ಮಿಲಿಗ್ರಾಂ ಸಾರಜನಕ ಇರುತ್ತದೆ. ಲಕ್ಷ ಜನರ ಊರಿನ ಒಂದು ದಿನದ ನೀರಿನಲ್ಲಿ 430 ಕಿಲೋ. 45 ಕಿಲೋ ಯೂರಿಯಾ ಚೀಲದಲ್ಲಿ ಸಾರಜನಕ ಇರುವುದು ಅರ್ಧಕ್ಕಿಂತ ಕಡಿಮೆ, ಆ ಲೆಕ್ಕದಲ್ಲಿ ದಿನಕ್ಕೆ ಸುಮಾರು ಇಪ್ಪತ್ತೊಂದು ಚೀಲ. ಶುದ್ಧ ಮಾಡುವಾಗ ಅದರಲ್ಲಿ ಒಂದಿಷ್ಟು ಹೋದರೂ ಉಳಿದದ್ದು ಹಿನ್ನೀರಿಗೆ ಬಿದ್ದರೆ ಪಾಚಿ, ಅಂತರಗಂಗೆ ಕೊಬ್ಬುತ್ತವೆ. ಹೊಲಕ್ಕೆ ಹೋದರೆ ಬೆಳೆಗೆ. ಹುಬ್ಬಳ್ಳಿ-ಧಾರವಾಡದ ಸುತ್ತ ರೈತರು ಎಷ್ಟೋ ವರ್ಷಗಳಿಂದ ನಾಲೆಯ ಹೊಲಸು ನೀರನ್ನೇ ಎತ್ತಿ ಬೆಳೆದಿದ್ದಾರೆ. ಅದು ಶುದ್ಧ ಮಾಡದ ನೀರು, ಅದು ಬೇಡ. ಜಂತುಹುಳದ ಮೊಟ್ಟೆ ಇರುತ್ತದೆ. ನೀರಾವರಿಗೆ ಲೀಟರಿಗೆ ಒಂದು ಮೊಟ್ಟೆಗಿಂತ ಹೆಚ್ಚು ಇರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಶುದ್ಧ ಮಾಡಿದ ನೀರು ಕಬ್ಬಿಗೆ, ಹತ್ತಿಗೆ, ಮೇವಿಗೆ ಅಡ್ಡಿಯಿಲ್ಲ. ಹಸಿ ತಿನ್ನುವ ಮೂಲಂಗಿ, ಕೊತ್ತಂಬರಿ, ಸೌತೆಗೆ ನಾನು ಹೂಂ ಅನ್ನುವುದಿಲ್ಲ. ಇನ್ನೊಂದು ಮಾತು ಕಾಕಾ. ನಮ್ಮದು ಎರಿ ಮಣ್ಣು. ಹೊಲಸು ನೀರಿನಲ್ಲಿ ಸಾಬೂನಿನ ಉಪ್ಪು ಇದ್ದೇ ಇರುತ್ತದೆ, ಊರಿನ ಸಾಮಾನ್ಯ ಘಟಕ ಅದನ್ನು ತೆಗೆಯುವುದಿಲ್ಲ. ಬಸಿಗಾಲುವೆ ಇಲ್ಲದೆ ನಿಲ್ಲಿಸಿ ನಿಲ್ಲಿಸಿ ನೀರು ಬಿಟ್ಟರೆ ಹೊಲ ಸವಳಾಗುತ್ತದೆ. ಕಾಲುವೆ ನೀರಿನಲ್ಲೇ ಎಷ್ಟು ಎಕರೆ ಸವಳಾಯಿತು ಅಂತ ನಿಮಗೇ ಗೊತ್ತು. ಕೋಲಾರದಲ್ಲಿ 2018ರಿಂದ ಬೆಂಗಳೂರಿನ ಶುದ್ಧ ಮಾಡಿದ ನೀರನ್ನು ಕೆರೆಗಳಿಗೆ ತುಂಬುತ್ತಿದ್ದಾರೆ. ಅಲ್ಲಿ ಅಂತರ್ಜಲ ಏರಿತು ಅಂತ ಖುಷಿಪಟ್ಟವರೂ ಇದ್ದಾರೆ, ಇನ್ನೊಂದು ಹಂತ ಶುದ್ಧ ಮಾಡಿ ಕೊಡಿ ಅಂತ ಜಗಳ ಮಾಡುವವರೂ ಇದ್ದಾರೆ. ಎರಡೂ ಬೇಕು.

"ಅಣ್ಣಾರ, ನಮ್ಮ ಮನಿಗೆ ಯುಜಿಡಿ ಇಲ್ರಿ, ಸೆಪ್ಟಿಕ್ ಟ್ಯಾಂಕ್ ಐತಿ. ಹನ್ನೆರಡು ವರ್ಷ ಆತು, ಒಮ್ಮೆನೂ ತುಂಬಿಲ್ಲ. ಭಾಳ ಚೊಲೋ ಕಟ್ಟ್ಯಾರ."

ಅಕ್ಕಾ, ತಪ್ಪು ತಿಳಿಯಬೇಡಿ. ತುಂಬದ ಸೆಪ್ಟಿಕ್ ಟ್ಯಾಂಕು ಅಂದರೆ ತಳ ಇಲ್ಲದ ಟ್ಯಾಂಕು. ಅದು ನೆಲಕ್ಕೆ ಇಳಿಯುತ್ತಿದೆ. ಚೆನ್ನಾಗಿ ಕಟ್ಟಿದ್ದಾದರೆ ಎರಡು ಮೂರು ವರ್ಷಕ್ಕೊಮ್ಮೆ ಕೆಸರು ತೆಗೆಸಬೇಕು. ನಿಮ್ಮ ಮನೆಯಲ್ಲಿ ಬೋರ್ ಇದೆಯಾ? ಇದೆ ಅನ್ನುತ್ತೀರಾ. ಎಷ್ಟು ದೂರದಲ್ಲಿ? ಹತ್ತು ಹೆಜ್ಜೆ... ನಾಳೆಯೇ ಆ ನೀರನ್ನು ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಕಾಯಿಸಿ ಆರಿಸಿ ಕುಡಿಯಿರಿ.

ಹೊತ್ತಾಯಿತು, ಚಹಾ ಬಂದಿದೆ. ಏಳುವ ಮೊದಲು ಒಮ್ಮೆ ಜಾಡಿ ನೋಡಿ. ತಂಗೀ, ನೀನು ಆಗಲೇ ನೋಡಿದ್ದೀಯಾ?

"ಕೆಸರು ಮ್ಯಾಲ ಬಂದೈತ್ರಿ ಸರ್! ತುಂಡು ತುಂಡಾಗಿ ತೇಲಾಕತ್ತೈತಿ. ಕೆಟ್ಟೋತೇನ್ರಿ?"

ಕೆಟ್ಟಿಲ್ಲ. ಅದಕ್ಕೆ ಗಾಳಿ ನಿಂತು ಒಂದೂವರೆ ಗಂಟೆಯ ಮೇಲಾಯಿತಲ್ಲ, ನೀರಿನಲ್ಲಿದ್ದ ಆಮ್ಲಜನಕ ಉಸಿರಾಡಿ ಮುಗಿಸಿದೆ. ಈಗ ನೈಟ್ರೇಟಿನೊಳಗಿನ ಆಮ್ಲಜನಕ ಕಿತ್ತುಕೊಂಡು ಉಸಿರಾಡುತ್ತಿದೆ. ಉಳಿದ ಸಾರಜನಕ ಸಣ್ಣ ಗುಳ್ಳೆಯಾಗಿ ಕೆಸರನ್ನು ಮೇಲಕ್ಕೆ ಎತ್ತುತ್ತಿದೆ. ಹತ್ತಿರ ಬಂದು ನೋಡು, ಗುಳ್ಳೆ ಕಾಣುತ್ತವೆ. ಇನ್ನೂ ಜೀವ ಇದೆ. ಅದನ್ನು ಮತ್ತೆ ಬಕೆಟ್ಟಿಗೆ ಸುರಿದು ಪಂಪು ಹಚ್ಚು. ರಾತ್ರಿ ಹೋಗುವಾಗ ಘಟಕದ ತೊಟ್ಟಿಗೆ ವಾಪಸ್ ಹಾಕಿ ಹೋಗುತ್ತೇನೆ.